ಅಪ್ಪ ಮೆಷಿನ್ ಗನ್ ಮಾಡಿದ, ಮಗ ರೇಡಿಯೋಗೆ ಮರ್ಯಾದೆ ಕಲಿಸಿದ

ಮ್ಯಾಕ್ಸಿಮ್ ಅನ್ನೋ ಹೆಸರು ಕೇಳಿದರೆ ವಸಾಹತುಶಾಹಿಯ ಇತಿಹಾಸ ಓದಿದವರಿಗೆ ಮೊದಲು ನೆನಪಾಗೋದು ಗನ್. ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್ 1884ರ ಹೊತ್ತಿಗೆ ರೂಪಿಸಿದ ಆ ಯಂತ್ರ ನಿಮಿಷಕ್ಕೆ ಸುಮಾರು 600 ಗುಂಡು ಹಾರಿಸುತ್ತಿತ್ತು. ಆಫ್ರಿಕಾದಲ್ಲಿ ಬ್ರಿಟಿಷರು ಅದನ್ನಿಟ್ಟುಕೊಂಡು ಏನು ಮಾಡಿದರು ಅನ್ನೋದಕ್ಕೆ 1898ರ ಓಮ್ದುರ್ಮಾನ್ ಒಂದೇ ಸಾಕು. ಒಂದು ಬೆಳಗಿನೊಳಗೆ ಸುಡಾನಿನ ಸುಮಾರು ಹತ್ತು ಸಾವಿರ ಜನ ಸತ್ತರು. ಎದುರು ಪಾಳೆಯದಲ್ಲಿ ಸತ್ತವರು ಐವತ್ತರ ಆಸುಪಾಸು. ಬ್ರಿಟನ್ ಆತನಿಗೆ ಸರ್ ಪದವಿ ಕೊಟ್ಟಿತು.

ನಾನು ಬರೆಯಹೊರಟಿರೋದು ಆತನ ಮಗನ ಬಗ್ಗೆ. ಹೈರಮ್ ಪರ್ಸಿ ಮ್ಯಾಕ್ಸಿಮ್. ಅಪ್ಪನ ಜೊತೆ ಗೊಂದಲ ಆಗದಿರಲಿ ಅಂತ ಇಲ್ಲಿ ಪರ್ಸಿ ಅಂತಲೇ ಕರೀತೀನಿ. ಪ್ರಪಂಚದ ಹ್ಯಾಮ್ ರೇಡಿಯೋ ಹವ್ಯಾಸಿಗಳಿಗೆ ಇವನು ಚೆನ್ನಾಗಿ ಗೊತ್ತು. ಉಳಿದವರಿಗೆ ಅಷ್ಟಾಗಿ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ನಾನು ಒಂದು ತಪ್ಪು ಮಾಡಿ ಸಿಕ್ಕಿಬಿದ್ದ ಮೇಲೆ. ಅದನ್ನ ಮೊದಲು ಹೇಳಿಬಿಡ್ತೀನಿ.

ನಮ್ಮೂರು ಶಿರಂಗಾಲ. ಕೊಡಗು ಅಂದ ತಕ್ಷಣ ಕಾಫಿ ತೋಟ, ಮಂಜು ಅಂತ ಕಲ್ಪಿಸ್ಕೊಳ್ಳೋರಿಗೆ ನಮ್ಮೂರು ನಿರಾಸೆ ಮಾಡುತ್ತೆ. ಜಿಲ್ಲೆಯ ಈಶಾನ್ಯದ ತುದಿ, ಬಯಲು ನೆಲ, ಭತ್ತ, ಶುಂಠಿ, ಜೋಳ. ಪಕ್ಕದಲ್ಲೇ ಕಾವೇರಿ. ಚೆಕ್‌ಪೋಸ್ಟ್ ದಾಟಿದರೆ ಹಾಸನ ಜಿಲ್ಲೆ. ಆದರೆ ರೇಡಿಯೋ ಹುಚ್ಚಿನವರಿಗೆ ಇದು ಒಳ್ಳೆ ಜಾಗ. ಸುತ್ತ ಗುಡ್ಡ ಒತ್ತಿಕೊಂಡಿಲ್ಲ, ಪೇಟೆಯ ವಿದ್ಯುತ್ ಗದ್ದಲ ಇಲ್ಲ. ಎರಡು ತೆಂಗಿನ ಮರಗಳ ನಡುವೆ 20 ಮೀಟರ್ ತಂತಿ ಕಟ್ಟಿ, ಮಧ್ಯದಿಂದ ಕೇಬಲ್ ಇಳಿಸಿದರೆ 7 ಮೆಗಾಹರ್ಟ್ಸ್‌ಗೆ ಆಂಟೆನಾ ರೆಡಿ. ಸಂಜೆಯಾಗುತ್ತಿದ್ದ ಹಾಗೆ ಜಪಾನ್, ಇಂಡೋನೇಷ್ಯಾ, ರಾತ್ರಿ ಸರಿದ ಮೇಲೆ ಯುರೋಪ್ ಕೇಳಿಸುತ್ತೆ. ಇಂಟರ್ನೆಟ್ ಇಲ್ಲ, ಟವರ್ ಇಲ್ಲ. ನಿಮ್ಮ ತಂತಿ, ಆಕಾಶದ ಅಯಾನುಗೋಳ, ಅವರ ತಂತಿ, ಅಷ್ಟೇ.

ಲೈಸೆನ್ಸ್ ಬಂದ ವರ್ಷವೇ ಒಂದು ಅಂತರರಾಷ್ಟ್ರೀಯ ಕಾಂಟೆಸ್ಟ್‌ಗೆ ಇಳಿದೆ. ಕಾಂಟೆಸ್ಟ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ವಾರಾಂತ್ಯದಲ್ಲಿ 24 ಅಥವಾ 48 ಗಂಟೆ ಎಷ್ಟು ಸಾಧ್ಯವೋ ಅಷ್ಟು ಸ್ಟೇಷನ್‌ಗಳನ್ನ ಮಾತಾಡಿಸಬೇಕು. ಪ್ರತಿಯೊಬ್ಬರಿಗೂ ಸಿಗ್ನಲ್ ಎಷ್ಟು ಚೆನ್ನಾಗಿದೆ ಅಂತ ಒಂದು ಸಂಖ್ಯೆ, ಜೊತೆಗೆ ಕಾಂಟೆಸ್ಟ್ ಕೇಳೋ ಇನ್ನೊಂದು ಸಂಖ್ಯೆ ಕೊಡಬೇಕು. ಕೆಲವು ಕಾಂಟೆಸ್ಟ್‌ಗಳಲ್ಲಿ ಅದು ವಲಯದ ಸಂಖ್ಯೆ, ನಮ್ಮ ಭಾರತಕ್ಕೆ 22. ಅವರು ಕೊಟ್ಟದ್ದನ್ನ ತಪ್ಪಿಲ್ಲದೆ ಬರೆದುಕೊಳ್ಳಬೇಕು. ಮುಗಿದ ಮೇಲೆ ಲಾಗ್ ಕಳಿಸಬೇಕು. ಮೈದಾನದಲ್ಲಿ ರೆಫರಿ ಇರಲ್ಲ. ಸಾವಿರಾರು ಜನರ ಲಾಗ್‌ಗಳನ್ನ ಕಂಪ್ಯೂಟರ್ ಒಂದಕ್ಕೊಂದು ತಾಳೆ ಹಾಕುತ್ತೆ. ತಪ್ಪು ಬರೆದುಕೊಂಡಿದ್ದರೆ ಆ ಸಂಪರ್ಕ ಹೋಗುತ್ತೆ, ಎಷ್ಟೋ ಕಾಂಟೆಸ್ಟ್‌ಗಳಲ್ಲಿ ದಂಡವೂ ಬೀಳುತ್ತೆ.

ನಾನು ಮಾಡಿದ್ದು ಎರಡು ತಪ್ಪು. ಒಂದು, ಸಹಾಯವಿಲ್ಲದೆ ಒಬ್ಬನೇ ಅನ್ನೋ ವಿಭಾಗಕ್ಕೆ ಹೆಸರು ಕೊಟ್ಟು, ಯಾವ ದೇಶ ಯಾವ ಫ್ರೀಕ್ವೆನ್ಸಿಯಲ್ಲಿ ಸಿಗುತ್ತಿದೆ ಅಂತ ಫೋನಿನಲ್ಲಿ ನೋಡುತ್ತಾ ಕೂತೆ. ಅದು ಆ ವಿಭಾಗದಲ್ಲಿ ನಿಷಿದ್ಧ. ನಿಯಮ ಪುಟದಲ್ಲಿ ಸ್ಪಷ್ಟವಾಗಿತ್ತು, ನಾನು ಓದಿರಲಿಲ್ಲ. ಲಾಗ್ ನೋಡಿದವರಿಗೆ ಅನುಮಾನ ಬಂದು ಮೇಲ್ ಕಳಿಸಿದರು. ಒಪ್ಪಿಕೊಂಡೆ. ನನ್ನ ಲಾಗ್ ಬರೀ ತಾಳೆ ನೋಡಲು ಬಳಸುವ ಲಾಗ್ ಆಯಿತು. ಅಂಕ ಇಲ್ಲ, ಸ್ಥಾನ ಇಲ್ಲ.

ಎರಡನೆಯದು ನಿಯಮದ ಪ್ರಕಾರ ತಪ್ಪೇ ಅಲ್ಲ. ಅದೇ ಇನ್ನೂ ಕೊರೀತಿರೋದು. ಭಾನುವಾರ ಬೆಳಿಗ್ಗೆ ಒಂದು ಫ್ರೀಕ್ವೆನ್ಸಿ ಖಾಲಿ ಅನ್ನಿಸಿತು. ಕೇಳಿಸಿಕೊಳ್ಳದೆ ಕಾಂಟೆಸ್ಟ್ ಕರೆ ಶುರುಮಾಡಿದೆ. ಅದು ದಕ್ಷಿಣ ಭಾರತದ ಒಂದಷ್ಟು ಹಿರಿಯರು ದಿನಾ ಬೆಳಿಗ್ಗೆ ಸೇರೋ ಜಾಗ. ಒಬ್ಬರು ಮಾತು ಮುಗಿಸಿ ಇನ್ನೊಬ್ಬರು ಶುರುಮಾಡೋ ಮೊದಲಿನ ಬಿಡುವಿನಲ್ಲಿ ನಾನು ನುಗ್ಗಿದ್ದೆ. ವಯಸ್ಸಾದ ದನಿಯೊಂದು ಕನ್ನಡದಲ್ಲೇ, ಇಲ್ಲಿ ನಾವಿದ್ದೀವಿ, ಸ್ವಲ್ಪ ಸರಿದುಕೊಳ್ತೀರಾ ಅಂತ ಕೇಳಿತು. ಫ್ರೀಕ್ವೆನ್ಸಿ ಯಾರಪ್ಪನ ಆಸ್ತಿಯೂ ಅಲ್ಲ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟೆ. ಕಾನೂನಿನ ಮಟ್ಟಿಗೆ ನಾನು ಹೇಳಿದ್ದು ಸರಿ. ಯಾವ ಹ್ಯಾಮ್‌ಗೂ ಯಾವ ಫ್ರೀಕ್ವೆನ್ಸಿಯ ಮೇಲೂ ಹಕ್ಕಿಲ್ಲ. ಆ ಹಿರಿಯರು ಏನೂ ಅನ್ನಲಿಲ್ಲ, ಎಲ್ಲರನ್ನೂ ಕರಕೊಂಡು ಬೇರೆ ಕಡೆ ಹೋದರು. ನನಗೆ ಗೆದ್ದ ಹಾಗನ್ನಿಸಿತು. ಅರ್ಧ ಗಂಟೆ ಅಷ್ಟೇ.

ಆಮೇಲೆ, ಈ ನಿಯಮಗಳನ್ನೆಲ್ಲ ಮಾಡಿದ್ದು ಯಾರಪ್ಪಾ ಅಂತ ಹುಡುಕುತ್ತಾ ಹೋದವನಿಗೆ ಪರ್ಸಿ ಸಿಕ್ಕ.

ಹುಟ್ಟಿದ್ದು 1869ರ ಸೆಪ್ಟೆಂಬರ್ 2, ನ್ಯೂಯಾರ್ಕಿನ ಬ್ರೂಕ್ಲಿನ್. ಅಮ್ಮ ಜೇನ್ ಬಡ್ಡನ್. ಅಪ್ಪ ಮಹಾ ಪ್ರತಿಭಾವಂತ, ಅಷ್ಟೇ ತಲೆಕೆಟ್ಟವನು. ಮಕ್ಕಳ ಜೊತೆ ವಿಚಿತ್ರ ತಮಾಷೆ ಮಾಡೋನು, ಆದರೆ ಸಂಸಾರದಲ್ಲಿ ನಿಲ್ಲೋನಲ್ಲ. 1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನಕ್ಕೆ ಅಂತ ಹೋದವನು ಲಂಡನ್ನಿನಲ್ಲಿ ಉಳಿದುಬಿಟ್ಟ, ಅಲ್ಲೇ ಇನ್ನೊಂದು ಸಂಸಾರ ಕಟ್ಟಿದ. ಪರ್ಸಿಗೆ ಆಗ 12 ವರ್ಷ. ದೊಡ್ಡವನಾದ ಮೇಲೆ ಆತ ಅಪ್ಪನ ಬಗ್ಗೆ ಒಂದು ನೆನಪಿನ ಪುಸ್ತಕ ಬರೆದ. ಬರೀ ಬಾಲ್ಯದ ನಗುವಿನ ಪ್ರಸಂಗಗಳು. ಬಿಟ್ಟುಹೋದವನ ಮೇಲೆ ಸಿಟ್ಟಿಲ್ಲದ ಪುಸ್ತಕ ಅನ್ನಿಸುತ್ತೆ. ಬಹುಶಃ ಸಿಟ್ಟು ಬರೋ ಜಾಗಕ್ಕೆ ಮೊದಲೇ ಕತೆ ನಿಲ್ಲಿಸಿದ್ದಾನೆ.

1886ರಲ್ಲಿ, ಹದಿನೇಳು ತುಂಬೋ ಮೊದಲೇ, ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಿಂದ ಓದು ಮುಗಿಸಿ ಹೊರಬಂದ. ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾ ಪೆಟ್ರೋಲಿನಿಂದ ಓಡೋ ಗಾಡಿ ಮಾಡಲು ಒದ್ದಾಡಿದ. 1895ರಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ, ಸೈಕಲ್ ಮಾಡಿ ಹೆಸರಾಗಿದ್ದ ಪೋಪ್ ಕಂಪನಿ ಆತನನ್ನ ಮೋಟಾರು ಗಾಡಿ ವಿಭಾಗಕ್ಕೆ ಕರೆಯಿತು. ಜೀವನವಿಡೀ ಹಾರ್ಟ್‌ಫರ್ಡೇ ಊರು.

ಇಷ್ಟರಲ್ಲಿ ಆತ ಮಾಡಿದ ಇನ್ನೊಂದು ಕೆಲಸ ನನಗೆ ಸುಲಭವಾಗಿ ಜೀರ್ಣವಾಗಲ್ಲ. ಬಂದೂಕಿನ ಸೈಲೆನ್ಸರ್. ಅಪ್ಪ ಗನ್ನಿನ ವೇಗ ಹೆಚ್ಚಿಸಿದ, ಮಗ ಅದರ ಸದ್ದು ಅಡಗಿಸಿದ. ಪೇಟೆಂಟ್ ಸಿಕ್ಕಿದ್ದು 1909ರಲ್ಲಿ. ಶಿಕಾರಿಯವರಿಗೆ, ಗುರಿ ಅಭ್ಯಾಸ ಮಾಡೋರಿಗೆ ಅಂತ ಮಾರಿದ. ಅಂಚೆಯಲ್ಲಿ ದುಡ್ಡು ಕಳಿಸಿದರೆ ಮನೆಗೇ ಬರುತ್ತಿತ್ತು. 1934ರಲ್ಲಿ ಅಮೆರಿಕ ಸರ್ಕಾರ ಅದರ ಮೇಲೆ 200 ಡಾಲರ್ ತೆರಿಗೆ, ನೋಂದಣಿ ಎಲ್ಲ ಹೇರಿತು. ಅಷ್ಟರಲ್ಲಿ ಆತನ ಕಂಪನಿ ಎಂಜಿನ್ನು, ಕಂಪ್ರೆಸರ್‌ಗಳ ಗದ್ದಲ ಇಳಿಸೋ ಕೆಲಸದ ಕಡೆ ತಿರುಗಿತ್ತು. ಕೊಡಗಿನವನಾಗಿ ನನಗೆ ಬಂದೂಕು ಹೊಸದಲ್ಲ. ಇಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇದೆ, ಸೆಪ್ಟೆಂಬರ್ ಶುರುವಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆಯೂ ಆಗುತ್ತೆ. ನನ್ನ ಮನೆಯಲ್ಲಿ ಕೋವಿ ಇಲ್ಲ, ರೇಡಿಯೋಗೆ ಮಾತ್ರ ಲೈಸೆನ್ಸ್ ಇದೆ. ಒಂದು ಕೋವಿಗಿಂತ ಹತ್ತು ವ್ಯಾಟಿನ ಟ್ರಾನ್ಸ್‌ಮಿಟರ್ ಬಗ್ಗೆ ಸರ್ಕಾರಕ್ಕೆ ಹೆಚ್ಚು ಭಯ ಯಾಕೆ ಅಂತ ಎಷ್ಟೋ ಸಲ ಯೋಚಿಸಿದ್ದೀನಿ.

ಈಗ ರೇಡಿಯೋ. ಪರ್ಸಿ ಇದಕ್ಕೆ ಬಿದ್ದಿದ್ದು ನಲವತ್ತು ದಾಟಿದ ಮೇಲೆ. ಆ ಕಾಲದ ಅಮೆರಿಕದ ಆಕಾಶ ಹೇಗಿತ್ತು ಅನ್ನೋದು ಗೊತ್ತಿರಬೇಕು. ಯಾರು ಬೇಕಾದರೂ ಕಿಡಿ ಹಾರಿಸೋ ಟ್ರಾನ್ಸ್‌ಮಿಟರ್ ಕಟ್ಟಿ ಮೋರ್ಸ್ ಕಳಿಸಬಹುದಿತ್ತು. ಲೈಸೆನ್ಸ್ ಇಲ್ಲ. ಆ ಕಿಡಿಯಂತ್ರ ಒಂದು ಫ್ರೀಕ್ವೆನ್ಸಿಯಲ್ಲಿ ನಿಲ್ಲುತ್ತಿರಲಿಲ್ಲ, ಅಕ್ಕಪಕ್ಕ ಎಲ್ಲವನ್ನೂ ಮುಳುಗಿಸುತ್ತಿತ್ತು. ಒಬ್ಬ ಮಾತಾಡಿದರೆ ಊರೆಲ್ಲ ಕಿವುಡು. ಹುಡುಗರು ನಮ್ಮ ಕೆಲಸಕ್ಕೆ ಅಡ್ಡಿಪಡಿಸ್ತಾರೆ, ಸುಳ್ಳು ಸಂದೇಶ ಕಳಿಸ್ತಾರೆ ಅಂತ ನೌಕಾಪಡೆ ದೂರುತ್ತಿತ್ತು.

1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿತು. ಹಡಗು ಸುರಕ್ಷಿತ, ಅದನ್ನ ಎಳೆದು ತರುತ್ತಿದ್ದಾರೆ ಅನ್ನೋ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅಷ್ಟರಲ್ಲಿ ಸಾವಿರದೈನೂರು ಜನ ಸತ್ತಿದ್ದರು. ಬೇರೆ ಬೇರೆ ಸಂದೇಶಗಳು ಗಾಳಿಯಲ್ಲಿ ಕಲಸಿಹೋಗಿ ಹುಟ್ಟಿದ ಸುಳ್ಳು ಅದು ಅಂತಾರೆ. ಬೈಗುಳ ಬಿದ್ದಿದ್ದು ಹವ್ಯಾಸಿಗಳ ತಲೆ ಮೇಲೆ. ಆಗಸ್ಟ್‌ನಲ್ಲಿ ಕಾನೂನು ಬಂತು. ಹವ್ಯಾಸಿಗಳು ಲೈಸೆನ್ಸ್ ಪಡೆಯಬೇಕು, 200 ಮೀಟರ್ ಅಥವಾ ಅದಕ್ಕಿಂತ ಕಡಿಮೆ ತರಂಗಾಂತರದಲ್ಲಿ ಮಾತ್ರ ಇರಬೇಕು. ಆ ಜಾಗ ಯಾವುದಕ್ಕೂ ಬಾರದ್ದು ಅಂತಲೇ ಎಲ್ಲರೂ ನಂಬಿದ್ದರು. ಊರಾಚೆಯ ಬಂಜರು ಕೊಟ್ಟು ಇಲ್ಲಿರಿ ಅಂದ ಹಾಗೆ. ಅಲ್ಲೇ ಇವರು ಉಸಿರುಗಟ್ಟಿ ಸಾಯ್ತಾರೆ ಅನ್ನೋದು ಲೆಕ್ಕಾಚಾರ.

ಪರ್ಸಿಯ ಕೊಡುಗೆ ಶುರುವಾಗಿದ್ದು ಒಂದು ಸಣ್ಣ ತೊಂದರೆಯಿಂದ. 1914ರ ವಸಂತದಲ್ಲಿ ಹಾರ್ಟ್‌ಫರ್ಡ್‌ನಿಂದ ಸುಮಾರು 30 ಮೈಲಿ ದೂರದ ಸ್ಪ್ರಿಂಗ್‌ಫೀಲ್ಡ್‌ಗೆ ಒಂದು ಸಂದೇಶ ಕಳಿಸಬೇಕಿತ್ತು. ಎಷ್ಟು ಮಾಡಿದರೂ ತಲುಪಲಿಲ್ಲ. ಮಧ್ಯದ ವಿಂಡ್ಸರ್ ಲಾಕ್ಸ್ ಊರಿನಲ್ಲಿದ್ದ ಇನ್ನೊಬ್ಬ ಹವ್ಯಾಸಿ ಅದನ್ನ ತೆಗೆದುಕೊಂಡು ಮುಂದೆ ದಾಟಿಸಿದ. ಇಷ್ಟೇ ಘಟನೆ. ಪರ್ಸಿಗೆ ಅದರಿಂದ ಹೊಳೆದದ್ದು, ಹೀಗೆ ಕೈಯಿಂದ ಕೈಗೆ ದಾಟಿಸಿದರೆ ದೇಶದ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಬಹುದಲ್ಲ ಅಂತ. ಕ್ಲಾರೆನ್ಸ್ ಟಸ್ಕಾ ಅನ್ನೋ ಹದಿಹರೆಯದ ಹುಡುಗನನ್ನ ಜೊತೆಗಿಟ್ಟುಕೊಂಡು ಅದೇ ವರ್ಷ ಅಮೆರಿಕನ್ ರೇಡಿಯೋ ರಿಲೇ ಲೀಗ್ ಕಟ್ಟಿದ. 1915ರ ಡಿಸೆಂಬರ್‌ನಲ್ಲಿ ಕ್ಯೂಎಸ್‌ಟಿ ಅನ್ನೋ ಪತ್ರಿಕೆ ಶುರುವಾಯಿತು. 1917ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ ಒಂದು ಸಂದೇಶ ಹೋಗಿ ಉತ್ತರ ವಾಪಸ್ ಬರಲು ಹಿಡಿದದ್ದು 1 ಗಂಟೆ 20 ನಿಮಿಷ.

ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದರೆ ನನ್ನ ಮಟ್ಟಿಗೆ ಪರ್ಸಿಯ ಬದುಕಿನ ಮುಖ್ಯ ವಿಷಯ ಇದೇ. ಅಲ್ಲಿಯವರೆಗೆ ಪಕ್ಕದ ಹವ್ಯಾಸಿ ಅಂದರೆ ಕಿರಿಕಿರಿ, ನನ್ನ ಸದ್ದಿಗೆ ಅಡ್ಡ ಬರೋನು. ರಿಲೇ ಬಂದ ಮೇಲೆ ಅವನಿಲ್ಲದೆ ನನ್ನ ಮಾತು 30 ಮೈಲಿ ದಾಟಲ್ಲ. ನಾಳೆ ಅವನು ನನ್ನ ಸಂದೇಶ ಹೊರಬೇಕು ಅಂದರೆ ಇವತ್ತು ಅವನು ಕಳಿಸುವಾಗ ನಾನು ಕೈ ತೆಗೆದಿರಬೇಕು. ಶಿಸ್ತು ಬಂದದ್ದು ಒಳ್ಳೆಯತನದಿಂದ ಅಲ್ಲ, ಪರಸ್ಪರ ಅವಲಂಬನೆಯಿಂದ. ಮೇಲಿನಿಂದ ಸರ್ಕಾರ ಹೇರಿದ್ದು ಬೇರೆ, ಇದು ಬೇರೆ. ಈ ಎರಡನೆಯದನ್ನ ಹೇಳಿಕೊಡೋ ಕೆಲಸ ಪರ್ಸಿ ಮಾಡಿದ ರೀತಿ ಇನ್ನೂ ಚೆನ್ನಾಗಿದೆ.

ಲೀಗಿನ ಅಧ್ಯಕ್ಷ ಆತನೇ. ಸುತ್ತೋಲೆ ಹೊರಡಿಸಬಹುದಿತ್ತು. ಬದಲಿಗೆ 1917ರ ಜನವರಿಯಿಂದ ಕ್ಯೂಎಸ್‌ಟಿಯಲ್ಲಿ ಮುದುಕ ಅನ್ನೋ ಗುಪ್ತನಾಮದಲ್ಲಿ ಬರೆಯತೊಡಗಿದ. ಈ ಮುದುಕ ಒಬ್ಬ ಸಿಡುಕ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೂತರೆ ಅವನಿಗೆ ಕೇಳಿಸೋದೆಲ್ಲ ದರಿದ್ರ. ಒಬ್ಬ ಕೇಳಿಸಿಕೊಳ್ಳದೆ ಹತ್ತು ನಿಮಿಷ ಕರೆಯುತ್ತಲೇ ಇರ್ತಾನೆ. ಇನ್ನೊಬ್ಬ ತನ್ನ ಹೆಸರನ್ನೇ ಸರಿಯಾಗಿ ಕಳಿಸಲಾರ. ಮತ್ತೊಬ್ಬನಿಗೆ ಹೇಳೋಕೇನೂ ಇಲ್ಲ, ಆದರೂ ನಿಲ್ಲಿಸಲ್ಲ. ಈ ದುಷ್ಟರನ್ನ ದಂಡಿಸೋಕೆ ಮುದುಕ ಒಂದು ಭಯಂಕರ ಆಯುಧದ ಹೆಸರು ಹೇಳಿದ: ವೂಫ್ ಹಾಂಗ್. ಅದು ಏನು, ಹೇಗಿರುತ್ತೆ, ಎಲ್ಲಿ ಚುಚ್ಚಬೇಕು ಅಂತ ಹೇಳಲೇ ಇಲ್ಲ. ಸಭ್ಯತೆ ಕಾಪಾಡೋಕೆ ರೆಟ್ಟಿಸ್ನಿಚ್ ಅಂತ ಇನ್ನೊಂದು. ಓದುಗರು ಹುಚ್ಚರಾದರು. 1919ರಲ್ಲಿ ಮುದುಕನ ಕಡೆಯಿಂದ ಲೀಗಿನ ಕಚೇರಿಗೆ ಒಂದು ಪೊಟ್ಟಣ ಬಂತು. ಒಳಗೆ ಎರಡು ತುಂಡು ಮರ, ಅಡ್ಡಾದಿಡ್ಡಿ ಸುತ್ತಿದ ತಂತಿ. ಅದೇ ವೂಫ್ ಹಾಂಗ್. ಅದನ್ನ ಜತನ ಮಾಡಿ ನೇತುಹಾಕಿದರು. ಮುಂದೆ ಅದರ ಹೆಸರಲ್ಲಿ ಹವ್ಯಾಸಿಗಳ ಸಮಾವೇಶಗಳಲ್ಲಿ ಅಣಕು ದೀಕ್ಷೆಯ ಸಮಾರಂಭವೂ ಶುರುವಾಯಿತು.

ನಮ್ಮ ಕಡೆ ಹೋಳಿಯಲ್ಲಿ, ಊರಹಬ್ಬದಲ್ಲಿ ದೊಡ್ಡವರನ್ನೆಲ್ಲ ಆಡಿಕೊಂಡು ನಗ್ತೀವಲ್ಲ, ಆ ನಗುವಿಗೆ ಒಂದು ಶಕ್ತಿ ಇದೆ. ಬೈದರೆ ಜನ ತಿರುಗಿ ಬೈತಾರೆ. ನಿನ್ನಂಥವನನ್ನ ನೋಡಿ ಊರು ನಗ್ತಿದೆ ಅಂತ ಗೊತ್ತಾದರೆ ತಿದ್ದಿಕೊಳ್ತಾರೆ. ಮುದುಕ ಯಾರನ್ನೂ ಹೆಸರು ಹಿಡಿದು ಬೈಯಲಿಲ್ಲ. ಎಷ್ಟೋ ಸಲ ಪೆಟ್ಟು ತಿನ್ನೋದು ಮುದುಕನೇ, ಅವನ ಯಂತ್ರವೇ ಕೈಕೊಡೋದು. ಓದಿದ ಪ್ರತಿಯೊಬ್ಬನೂ ಇದು ಪಕ್ಕದೂರಿನ ಅವನ ಬಗ್ಗೆ ಅಂದುಕೊಂಡು, ಎರಡನೇ ದಿನಕ್ಕೆ ಇದು ನಾನೇ ಅಲ್ವಾ ಅಂತ ಹೊಳೆದು ಸುಮ್ಮನಾದ ಅಂತ ನಾನು ಊಹಿಸ್ಕೊಳ್ತೀನಿ. ನನಗಂತೂ ಹಾಗೇ ಆಯಿತು.

ಮುದುಕ ಯಾರು ಅಂತ ಓದುಗರಿಗೆ ಗೊತ್ತಾಗಿದ್ದು ಪರ್ಸಿ ಸತ್ತ ಮೇಲೆ. ಸುಮಾರು ಇಪ್ಪತ್ತು ವರ್ಷ ಗುಟ್ಟು ಉಳಿದಿತ್ತು. ಇವತ್ತು ಯಾರಿಗಾದರೂ ಬುದ್ಧಿ ಹೇಳಿದ ತಕ್ಷಣ ಸ್ಕ್ರೀನ್‌ಶಾಟ್ ಹಾಕಿ ಎಷ್ಟು ಲೈಕ್ ಬಂತು ಅಂತ ನೋಡೋ ನಮಗೆ ಇದು ಬೇರೆ ಗ್ರಹದ ನಡವಳಿಕೆ ಅನ್ನಿಸಬಹುದು.

1917ರ ಏಪ್ರಿಲ್‌ನಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಹವ್ಯಾಸಿಗಳೆಲ್ಲ ಸ್ಟೇಷನ್ ಮುಚ್ಚಿ ಆಂಟೆನಾ ಇಳಿಸಬೇಕು ಅಂತ ಆದೇಶ ಬಂತು. ಕೇಳಿಸಿಕೊಳ್ಳೋದಕ್ಕೂ ನಿಷೇಧ. ಯುದ್ಧ 1918ರ ನವೆಂಬರ್‌ನಲ್ಲಿ ಮುಗಿಯಿತು, ನಿಷೇಧ ಮುಗಿಯಲಿಲ್ಲ. ಅದೇ ಹೊತ್ತಿಗೆ ರೇಡಿಯೋವನ್ನೆಲ್ಲ ನೌಕಾಪಡೆಯ ಕೈಗೆ ಕೊಡೋ ಮಸೂದೆ ಸಂಸತ್ತಿಗೆ ಬಂತು. ನೌಕಾ ಕಾರ್ಯದರ್ಶಿ ಜೋಸೆಫಸ್ ಡೇನಿಯಲ್ಸ್ ಅದರ ಬೆನ್ನಿಗಿದ್ದ. ಪರ್ಸಿ ವಾಷಿಂಗ್ಟನ್‌ಗೆ ಹೋಗಿ ಸಮಿತಿಯ ಮುಂದೆ ಸಾಕ್ಷಿ ಹೇಳಿದ. ಲೀಗಿನ ಕರೆಗೆ ಹವ್ಯಾಸಿಗಳು, ಅವರ ಅಪ್ಪ ಅಮ್ಮಂದಿರು ಪ್ರತಿನಿಧಿಗಳಿಗೆ ಕಾಗದದ ಮಳೆ ಸುರಿಸಿದರು. ವಾದಕ್ಕೆ ಬಲ ಇದ್ದದ್ದು ಎಲ್ಲಿ ಅಂದರೆ, ಯುದ್ಧ ಬಂದಾಗ ಸೇನೆಗೆ ಬೇಕಾದ ರೇಡಿಯೋ ಆಪರೇಟರ್‌ಗಳು ಸಾವಿರಗಟ್ಟಲೆ ಸಿಕ್ಕಿದ್ದು ಈ ಹುಡುಗರ ನಡುವೆಯೇ. ಅದಕ್ಕಿಂತ ಮುಖ್ಯವಾಗಿ, ಇವರು ಗಲಾಟೆ ಗುಂಪು ಅನ್ನೋ ಆರೋಪಕ್ಕೆ ಉತ್ತರ ಕೊಡೋಕೆ ಕೈಯಲ್ಲೊಂದು ಸಂಘಟನೆ, ಪತ್ರಿಕೆ, ತಾವೇ ಮಾಡಿಕೊಂಡ ಶಿಸ್ತು ಇತ್ತು. ಮಸೂದೆ ಬಿದ್ದುಹೋಯಿತು. 1919ರ ಅಕ್ಟೋಬರ್ ಹೊತ್ತಿಗೆ ಮತ್ತೆ ಪ್ರಸಾರಕ್ಕೆ ಅನುಮತಿ ಬಂತು.

ಆ ಮಸೂದೆ ಪಾಸಾಗಿದ್ದರೆ ಏನಾಗ್ತಿತ್ತು ಅಂತ ಊಹಿಸೋಕೆ ನಾವು ಬಹಳ ದೂರ ಹೋಗಬೇಕಿಲ್ಲ. ನಮ್ಮಲ್ಲಿ 1885ರ ಟೆಲಿಗ್ರಾಫ್ ಕಾಯ್ದೆ ಆ ಏಕಸ್ವಾಮ್ಯವನ್ನ ಸರ್ಕಾರಕ್ಕೆ ಮೊದಲೇ ಕೊಟ್ಟಿತ್ತು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ರೇಡಿಯೋ ಸ್ಟೇಷನ್ ಇಟ್ಟು ಅದಕ್ಕೆ ಆಕಾಶವಾಣಿ ಅಂತ ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ ಅದು ಮೈಸೂರು ಸರ್ಕಾರದ ಕೈ ಸೇರಿತು, ಹೆಸರು ಮುಂದೆ ದೆಹಲಿಯ ಪಾಲಾಯಿತು. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಇಲ್ಲಿನ ಹ್ಯಾಮ್ ಲೈಸೆನ್ಸ್‌ಗಳನ್ನೆಲ್ಲ ರದ್ದುಮಾಡಿತು. ಗಾಳಿಯ ತರಂಗಗಳು ಸಾರ್ವಜನಿಕ ಆಸ್ತಿ, ಸರ್ಕಾರದ ಏಕಸ್ವಾಮ್ಯ ಅಲ್ಲ ಅಂತ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ, ಅದೂ ಕ್ರಿಕೆಟ್ ಪ್ರಸಾರದ ಜಗಳವೊಂದರಲ್ಲಿ. ಆಮೇಲೂ ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಓದೋ ಹಕ್ಕಿಲ್ಲ. ಹ್ಯಾಮ್‌ಗಳಾದ ನಾವು ರಾಜಕೀಯ ವಿವಾದದ ಬಗ್ಗೆ ಮಾತಾಡೋ ಹಾಗಿಲ್ಲ, ಸುದ್ದಿ, ವ್ಯಾಪಾರ, ಸಂಗೀತ ಯಾವುದೂ ಇಲ್ಲ. ಈ ಲೇಖನವನ್ನ ನಾನು ಇಲ್ಲಿ ಬರೆಯಬಹುದು, ಮೈಕ್ ಹಿಡಿದು ಓದೋ ಹಾಗಿಲ್ಲ. ಈ ನಿಯಮಗಳಲ್ಲಿ ಕೆಲವು ಬದಲಾಗಬೇಕು ಅಂತಲೇ ನನ್ನ ಅಭಿಪ್ರಾಯ. ಆದರೆ ಬದಲಾವಣೆ ಕೇಳೋಕೆ ಹೋದಾಗ, ನೀವು ನಿಮ್ಮೊಳಗೇ ಹೇಗಿದ್ದೀರಿ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಪರ್ಸಿಗೂ ಬಂದಿತ್ತು.

ಆಮೇಲಿನದು ಗೆಲುವಿನ ಕತೆ, ಬೇಗ ಹೇಳ್ತೀನಿ. ಯಾವುದಕ್ಕೂ ಬಾರದ್ದು ಅಂತ ಬಿಸಾಕಿದ್ದ 200 ಮೀಟರಿನ ಕೆಳಗಿನ ಜಾಗವೇ ಅಕ್ಷಯಪಾತ್ರೆ ಆಯಿತು. 1921ರ ಡಿಸೆಂಬರ್‌ನಲ್ಲಿ ಲೀಗ್ ಕಳಿಸಿದ್ದ ಪಾಲ್ ಗಾಡ್ಲಿ ಸ್ಕಾಟ್ಲೆಂಡಿನ ಆರ್ಡ್ರೋಸನ್ ಕಡಲತೀರದ ಒದ್ದೆ ಡೇರೆಯೊಳಗೆ ಕೂತು ಅಮೆರಿಕದ ಹವ್ಯಾಸಿಗಳನ್ನ ಕೇಳಿಸಿಕೊಂಡ. 1923ರ ನವೆಂಬರ್‌ನಲ್ಲಿ ಫ್ರಾನ್ಸಿನ ಲಿಯಾನ್ ಡೆಲ್ವಾ ಜೊತೆ ಅಟ್ಲಾಂಟಿಕ್ ಆಚೀಚೆ ಮಾತುಕತೆಯೇ ನಡೆಯಿತು, ಸುಮಾರು 100 ಮೀಟರ್ ತರಂಗಾಂತರದಲ್ಲಿ. 1925ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನಲ್ಲಿ ಹಲವು ದೇಶಗಳ ಹವ್ಯಾಸಿಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದರು, ಪರ್ಸಿಯನ್ನೇ ಅಧ್ಯಕ್ಷನಾಗಿ ಆರಿಸಿದರು. ಅಪ್ಪ ಸಂಸಾರ ಬಿಟ್ಟು ಹೋಗಿದ್ದು ಇದೇ ಪ್ಯಾರಿಸ್ಸಿಗೆ.

ಅಕ್ಷಯಪಾತ್ರೆ ಅಂದ ಮೇಲೆ ಎಲ್ಲರೂ ಕೈಹಾಕ್ತಾರೆ. ಕಂಪನಿಗಳು ಬಂದವು, ಸರ್ಕಾರಗಳು ಬಂದವು. 1927ರ ವಾಷಿಂಗ್ಟನ್ ಸಮ್ಮೇಳನದಲ್ಲಿ ಹವ್ಯಾಸಿಗಳ ಜಾಗ ಅಂತರರಾಷ್ಟ್ರೀಯವಾಗಿ ಗೊತ್ತುಪಡಿಸಿದ್ದಾಯಿತು, ಆದರೆ ಕುಗ್ಗಿಸಿಯೇ. ಅಮೆರಿಕನ್ನರಿಗೆ 7000ದಿಂದ 8000 ಕಿಲೋಹರ್ಟ್ಸ್ ವರೆಗೆ ಇದ್ದದ್ದು 7300ಕ್ಕೆ ನಿಂತಿತು. ಜನ ಹೆಚ್ಚು, ಜಾಗ ಕಡಿಮೆ. ಅದೇ ವರ್ಷ ಲೀಗ್ ಒಂದು ಅಂತರರಾಷ್ಟ್ರೀಯ ರಿಲೇ ಪಾರ್ಟಿ ನಡೆಸಿತು. ಇವತ್ತಿನ ದೂರಸಂಪರ್ಕದ ಕಾಂಟೆಸ್ಟ್‌ಗಳ ಅಜ್ಜ ಅದು. 1930ರಲ್ಲಿ ಸ್ವೀಪ್‌ಸ್ಟೇಕ್ಸ್, 1933ರಲ್ಲಿ ಫೀಲ್ಡ್ ಡೇ ಬಂದವು. ಫೀಲ್ಡ್ ಡೇ ಅಂದರೆ ರೇಡಿಯೋ ಹೊತ್ತುಕೊಂಡು ಬಯಲಿಗೆ ಹೋಗಿ, ವಿದ್ಯುತ್ ಲೈನಿನ ಹಂಗಿಲ್ಲದೆ ಸಂಪರ್ಕ ಸಾಧಿಸೋದು. ನೆರೆ ಬಂದಾಗ ಏನು ಮಾಡಬೇಕೋ ಅದರ ತಾಲೀಮು.

ಕಾಂಟೆಸ್ಟ್ ಬರೀ ಆಟ ಅಂದುಕೊಂಡಿದ್ದ ನನಗೆ ಇದು ತಲೆಗೆ ಹೊಡೆದ ಹಾಗಾಯಿತು. ಗದ್ದಲದ ನಡುವೆ ಕ್ಷೀಣ ದನಿಯನ್ನ ಹೆಕ್ಕೋದು, ಒಂದಕ್ಷರ ತಪ್ಪದೆ ಬರೆದುಕೊಳ್ಳೋದು, ಹೇಳಬೇಕಾದ್ದನ್ನ ಮೂರು ಸೆಕೆಂಡಿನಲ್ಲಿ ಹೇಳಿ ಜಾಗ ಬಿಡೋದು. ಇದನ್ನೇ ಅಲ್ಲಿ ಕಲಿಯೋದು. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತ ಗುಡ್ಡ ಕುಸಿದಾಗ, ಕರೆಂಟು ಫೋನು ಹೋಗಿ, ಇದ್ದಾರೋ ಇಲ್ಲವೋ ಅಂತ ಗೊತ್ತಾಗದೆ ನಮ್ಮ ಮನೆಯವರು ನೆಂಟರಿಗೆ ರಾತ್ರಿಯಿಡೀ ಡಯಲ್ ಮಾಡಿದ್ದು ನೆನಪಿದೆ. ಆಗ ನನಗೆ ಲೈಸೆನ್ಸ್ ಇರಲಿಲ್ಲ. ಅಂಥ ರಾತ್ರಿ ನನ್ನ ಹಾಗೆ ಕೇಳಿಸಿಕೊಳ್ಳದೆ ಕರೆಯೋನೊಬ್ಬ ಮೇಲೆ ಕೂತುಬಿಟ್ಟರೆ?

1928ರಲ್ಲಿ ಪಾಲ್ ಸೀಗಲ್ ಅನ್ನೋ ಹವ್ಯಾಸಿ ಒಂದು ನೀತಿಸಂಹಿತೆ ಬರೆದ. ಇನ್ನೊಬ್ಬರ ಸಂತೋಷ ಕೆಡಿಸೋ ಹಾಗೆ ಗೊತ್ತಿದ್ದೂ ಗಾಳಿಯನ್ನ ಬಳಸಬೇಡ ಅನ್ನೋದು ಅದರ ಒಂದು ಸೂತ್ರ. ಗೊತ್ತಿದ್ದೂ ಅನ್ನೋ ಮಾತು ಗಮನಿಸಿ. ನಿಯಮ ಓದದೆ ಇದ್ದವನು ಗೊತ್ತಿರಲಿಲ್ಲ ಅನ್ನಬಹುದು. ನಾನೂ ಅಂದೆ. ಅದು ಒಂದು ಸಲ ನಡೆಯುತ್ತೆ.

ಪರ್ಸಿಯ ಲೋಕದಲ್ಲಿ ಕೊರತೆ ಇರಲಿಲ್ಲ ಅಂತಲ್ಲ. ಆ ಭಾಷೆಯಲ್ಲಿ ಹ್ಯಾಮ್ ಅಂದರೆ ಗಂಡಸು, ಎಷ್ಟೇ ಚಿಕ್ಕವನಾದರೂ ಮುದುಕ. ಹೆಂಗಸಾದರೆ ಎಷ್ಟೇ ವಯಸ್ಸಾದರೂ ಎಳೆಯ ಹುಡುಗಿ. ಹೆಂಡತಿಯಾದರೆ ಮಾಜಿ ಹುಡುಗಿ. ಈ ಸಂಕೇತಾಕ್ಷರಗಳು ಇವತ್ತೂ ನಡೀತಿವೆ. ನೂರು ವರ್ಷ ಸಭ್ಯತೆಯ ಬಗ್ಗೆ ಮಾತಾಡಿದ ಸಮುದಾಯಕ್ಕೆ ಇದು ಅಸಭ್ಯ ಅಂತ ಅನ್ನಿಸದೇ ಇರೋದು ಹೇಗೆ? ನಾನು ಬಳಸಲ್ಲ. ಮೊದಲೆರಡು ಸಲ ಕೆಲವರು ನಕ್ಕರು.

1936ರ ಫೆಬ್ರವರಿಯಲ್ಲಿ ಪರ್ಸಿ ಹೆಂಡತಿ ಜೋಸೆಫಿನ್ ಜೊತೆ ರೈಲಿನಲ್ಲಿ ಪಶ್ಚಿಮಕ್ಕೆ ಹೊರಟಿದ್ದ. ದಾರಿಯಲ್ಲಿ ಗಂಟಲಿಗೆ ಸೋಂಕು ತಗುಲಿ ಜೋರಾಯಿತು. ಕೊಲೊರಾಡೊದ ಲಾ ಹುಂಟಾದಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದರು. ಫೆಬ್ರವರಿ 17ರಂದು ತೀರಿಕೊಂಡ. 66 ವರ್ಷ. ಮರುತಿಂಗಳೇ ಅಮೆರಿಕದ ಈಶಾನ್ಯ ಭಾಗದಲ್ಲಿ ದೊಡ್ಡ ನೆರೆ ಬಂತು, ತಂತಿಗಳು ಕಡಿದುಹೋದ ಊರುಗಳಿಂದ ಸುದ್ದಿ ದಾಟಿಸಿದವರಲ್ಲಿ ಹವ್ಯಾಸಿಗಳು ಮುಂದಿದ್ದರು. ಆತನ ಕರೆಸಂಕೇತ ಡಬ್ಲ್ಯು1ಎಡಬ್ಲ್ಯು ಲೀಗಿನ ಮುಖ್ಯ ಸ್ಟೇಷನ್ನಿಗೆ ಹೋಯಿತು. ಅದು ಈಗಲೂ ಕಲಿಯೋರಿಗಾಗಿ ನಿಧಾನವಾಗಿ ಮೋರ್ಸ್ ಕಳಿಸುತ್ತೆ.

ಹೋದ ಸಲ ಕಾಂಟೆಸ್ಟ್‌ಗೆ ಮೊದಲು ನಿಯಮದ ಪುಟ ಪ್ರಿಂಟ್ ಹಾಕಿಸಿ ಮೇಜಿಗೆ ಅಂಟಿಸಿದೆ. ಸಹಾಯ ಪಡೆಯೋರ ವಿಭಾಗಕ್ಕೇ ಹೆಸರು ಕೊಟ್ಟೆ. ಭಾನುವಾರ ಬೆಳಿಗ್ಗೆ 7 ಮೆಗಾಹರ್ಟ್ಸ್‌ನಲ್ಲಿ ಒಂದು ಖಾಲಿ ಜಾಗ ಸಿಕ್ಕಿತು. ಸ್ವಲ್ಪ ಹೊತ್ತು ಸುಮ್ಮನೆ ಕೇಳಿದೆ. ಇಲ್ಲಿ ಯಾರಾದರೂ ಇದ್ದೀರಾ ಅಂತ ಕರೆಸಂಕೇತ ಹೇಳಿ ಕೇಳಿದೆ. ಉತ್ತರ ಇಲ್ಲ. ಎರಡನೇ ಸಲ ಕೇಳಿದೆ. ಆಗ ಬಹಳ ಕ್ಷೀಣವಾಗಿ, ಗೊರಗೊರ ಸದ್ದಿನ ಅಡಿಯಿಂದ, ಇದ್ದೀವಿ ಕಣಪ್ಪ ಅಂತ ಅದೇ ದನಿ ಬಂತು. ಕ್ಷಮೆ ಕೇಳಿ ಐದು ಕಿಲೋಹರ್ಟ್ಸ್ ಮೇಲಕ್ಕೆ ಹೋದೆ. ಅಲ್ಲಿ ಒಬ್ಬ ಇಂಡೋನೇಷ್ಯಾದವನು ಕೂತಿದ್ದ. ಇನ್ನೂ ಮೇಲಕ್ಕೆ ಹೋದೆ.